ಕಲ್ಲಿಗಿಂತ ಕಲ್ಲು ಬಿದ್ದ ನೆಲವೇ ದೊಡ್ಡ ದಾಖಲೆ

ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ದಕ್ಷಿಣ ಭಾಗದಲ್ಲಿ ಕಲಿಯೊ ಎಂಬ ಸ್ಥಳವಿದೆ. ಇಂದು ಅಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಆ ಹೊಲದ ಮರಳುಗಲ್ಲಿನ ಪದರದಿಂದ ದೊರೆತ ಕೇವಲ ಏಳು ಕಲ್ಲಿನ ಚಕ್ಕೆಗಳು 2025ರ ಆಗಸ್ಟ್‌ನಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆದವು. ಅವುಗಳ ವಯಸ್ಸು ಕನಿಷ್ಠ 10.4 ಲಕ್ಷ ವರ್ಷ, 14.8 ಲಕ್ಷ ವರ್ಷಗಳವರೆಗೂ ಇರಬಹುದು. ಏಷ್ಯಾದ ಭೂಖಂಡದೊಡನೆ ಎಂದೂ ನೆಲದ ನಂಟು ಹೊಂದಿರದ ಆ ದ್ವೀಪಕ್ಕೆ ಅಷ್ಟು ಹಿಂದೆಯೇ ಆದಿಮಾನವ ಕಡಲು ದಾಟಿ ಬಂದಿದ್ದ ಎಂಬುದಕ್ಕೆ ಅಂಗೈಯಲ್ಲಿ ಹಿಡಿಸುವಷ್ಟು ಕಲ್ಲುಚೂರುಗಳೇ ಸಾಕ್ಷಿಯಾದವು.

ಈ ಸುದ್ದಿ ಓದಿದ ಕರ್ನಾಟಕದವರಿಗೆ ಒಂದು ಸಂಗತಿ ನೆನಪಾಗಬೇಕಿತ್ತು. ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ದೊರೆತಿರುವುದು ಏಳು ಚಕ್ಕೆಗಳಲ್ಲ, ಸಾವಿರಾರು ಶಿಲಾಯುಧಗಳು. ಅಲ್ಲಿನ ಇಸಾಂಪುರದ ನೆಲೆಗೆ ವಿಜ್ಞಾನಿಗಳು ಸೂಚಿಸಿದ ಕಾಲವೂ ಕಲಿಯೊದ ಕಾಲಮಾನಕ್ಕೆ ಸಮೀಪದ್ದೇ. ಆದರೂ ಕನ್ನಡ ನಾಡಿನ ಪ್ರಾಚೀನತೆಯ ಮಾತು ಬಂದಾಗ ಹಲ್ಮಿಡಿ, ಬಾದಾಮಿ, ಹಂಪಿಗಳ ಹೆಸರು ಕೇಳಿಬರುವಂತೆ ಇಸಾಂಪುರದ ಹೆಸರು ಕೇಳಿಬರುವುದಿಲ್ಲ. ಹೆಸರು ಕೇಳಿಬರದಿದ್ದರೆ ಅಷ್ಟೇನೂ ನಷ್ಟವಿಲ್ಲ. ಆದರೆ ಹೆಸರಿಲ್ಲದ ನೆಲೆ ಸದ್ದಿಲ್ಲದೆ ಅಳಿದುಹೋದರೆ ಆಗುವ ನಷ್ಟವನ್ನು ಮುಂದೆ ಯಾವ ಅನುದಾನದಿಂದಲೂ ತುಂಬಿಕೊಡಲಾಗದು.

ಕಣಿವೆಯ ಕಥೆ

ಕೃಷ್ಣಾ ನದಿಯ ಎಡಕ್ಕೆ, ಹಿಂದಿನ ಸುರಪುರ ತಾಲ್ಲೂಕಿನ ಭಾಗವಾಗಿದ್ದ ಹುಣಸಗಿ ಮತ್ತು ಬೈಚಬಾಳ ಕಣಿವೆಗಳ ವಿಸ್ತಾರ ಸುಮಾರು 500 ಚದರ ಕಿಲೋಮೀಟರ್. ಸುತ್ತಲೂ ತಗ್ಗಾದ ಗುಡ್ಡಗಳು, ನಡುವೆ ಹಳ್ಳಗಳು, ಅಲ್ಲಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಗಳು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು 1970ರ ದಶಕದಿಂದ ದಶಕಗಳ ಕಾಲ ಈ ಸೀಮೆಯನ್ನು ಕಾಲ್ನಡಿಗೆಯಲ್ಲಿ ಶೋಧಿಸಿದರು. ಪೂರ್ವ ಶಿಲಾಯುಗದ ಅಶೂಲಿಯನ್ ಸಂಸ್ಕೃತಿಗೆ ಸೇರಿದ ಸುಮಾರು 200 ನೆಲೆಗಳು ಈ ಪುಟ್ಟ ಪ್ರದೇಶದಲ್ಲೇ ಪತ್ತೆಯಾದವು. ಭಾರತದಲ್ಲಿ ಆದಿಮಾನವನ ನೆಲೆಗಳು ಇಷ್ಟು ದಟ್ಟವಾಗಿ ದೊರೆತಿರುವ ಸೀಮೆಗಳು ವಿರಳ.

ಅಶೂಲಿಯನ್ ಎಂಬುದು ಫ್ರಾನ್ಸಿನ ಸೇಂಟ್ ಅಶೂಲ್ ಎಂಬ ಊರಿನಿಂದ ಬಂದ ಹೆಸರು. ಎರಡೂ ಬದಿಯಲ್ಲಿ ಚಕ್ಕೆ ಎಬ್ಬಿಸಿ, ಹನಿಯ ಆಕಾರಕ್ಕೆ ತಂದ ಕೈಕೊಡಲಿ ಮತ್ತು ಅಗಲ ಬಾಯಿಯ ಸೀಳುಗತ್ತಿ ಈ ಸಂಸ್ಕೃತಿಯ ಗುರುತು. ಆಫ್ರಿಕಾದಲ್ಲಿ ಸುಮಾರು 17 ಲಕ್ಷ ವರ್ಷಗಳ ಹಿಂದೆಯೇ ಕಾಣಿಸಿಕೊಂಡ ಈ ಆಯುಧಗಳನ್ನು ಮಾಡಿದವರು ಇಂದಿನ ಮನುಷ್ಯರಲ್ಲ. ನಮ್ಮ ಪ್ರಭೇದವಾದ ಹೋಮೋ ಸೇಪಿಯನ್ಸ್ ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು ಮೂರು ಲಕ್ಷ ವರ್ಷಗಳಿಂದ ಈಚೆಗೆ. ಹುಣಸಗಿಯ ಕೈಕೊಡಲಿಗಳು ಅದಕ್ಕಿಂತ ಹಿಂದಿನ ಮಾನವ ಪ್ರಭೇದವೊಂದರ ಕೈಗೆಲಸ.

ಇಸಾಂಪುರದಲ್ಲಿ 1997ರಿಂದ 2001ರವರೆಗೆ ನಡೆದ ಉತ್ಖನನ ಬೆಳಕಿಗೆ ತಂದದ್ದು ಬರಿಯ ಆಯುಧಗಳ ರಾಶಿಯನ್ನಲ್ಲ, ಒಂದು ಕಾರ್ಖಾನೆಯನ್ನು. ಅಲ್ಲಿನ ಸುಣ್ಣಕಲ್ಲಿನ ಪದರ ತಾನಾಗಿಯೇ ಬಿರುಕುಬಿಟ್ಟು ಹಲಗೆಗಳಾಗಿ ಏಳುವಂಥದ್ದು. ಶಹಾಬಾದ್ ಕಲ್ಲಿನ ಹಾಸು ಕಂಡವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಆದಿಮಾನವರು ಬೇಕಾದ ದಪ್ಪದ ಹಲಗೆಯನ್ನು ಆರಿಸಿ, ಎಬ್ಬಿಸಿ, ಅಲ್ಲಿಯೇ ಕುಳಿತು ಕಡೆದಿದ್ದಾರೆ. ಬಡಿಯಲು ಬಳಸಿದ ಗುಂಡುಕಲ್ಲುಗಳು ಬೇರೆ ಜಾತಿಯವು. ತಿರುಳುಗಲ್ಲು, ಅದರಿಂದ ಎದ್ದ ದೊಡ್ಡ ಚಕ್ಕೆ, ಚಕ್ಕೆಯಿಂದಾದ ಕೈಕೊಡಲಿ, ಕಡೆಯುವಾಗ ಉದುರಿದ ಪುಡಿಚೂರು, ಅರ್ಧಕ್ಕೆ ಬಿಟ್ಟ ಕೆಲಸ ಇವೆಲ್ಲವೂ ಸುಮಾರು ಮುಕ್ಕಾಲು ಹೆಕ್ಟೇರ್ ನೆಲದಲ್ಲಿ ಬಿದ್ದಲ್ಲಿಯೇ ಉಳಿದುಕೊಂಡಿದ್ದವು.

ಆಯುಧಕ್ಕಿಂತ ಅದರ ನೆಲೆ ಮುಖ್ಯವೇಕೆ?

ಇಲ್ಲಿ ಸಾಮಾನ್ಯ ಓದುಗರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಕೈಕೊಡಲಿಯನ್ನು ಎತ್ತಿ ವಸ್ತುಸಂಗ್ರಹಾಲಯದಲ್ಲಿ ಇಟ್ಟರೆ ಸಾಲದೇ? ಕಲ್ಲು ಉಳಿದರೆ ಇತಿಹಾಸ ಉಳಿದಂತಲ್ಲವೇ?

ಅಲ್ಲ. ಗಾಜಿನ ಪೆಟ್ಟಿಗೆಯೊಳಗಿನ ಕೈಕೊಡಲಿ ತನ್ನ ಆಕಾರವನ್ನಷ್ಟೇ ಹೇಳಬಲ್ಲದು. ಅದನ್ನು ಎಲ್ಲಿಂದ ತಂದ ಕಲ್ಲಿನಿಂದ ಮಾಡಿದರು, ಪಕ್ಕದಲ್ಲಿ ಯಾವ ಪ್ರಾಣಿಯ ಮೂಳೆ ಇತ್ತು, ಮಾಡಿದವನು ಅಲ್ಲಿಯೇ ಬಳಸಿದನೋ ಬೇರೆಡೆ ಒಯ್ದನೋ ಎಂಬುದನ್ನೆಲ್ಲ ಹೇಳುವುದು ಅದು ಬಿದ್ದ ನೆಲ. ಮಳೆಗಾಲದಲ್ಲಿ ಆದಿಮಾನವರು ಸಣ್ಣ ಗುಂಪುಗಳಾಗಿ ಕಣಿವೆಯ ತುಂಬ ಚದುರಿ, ಬೇಸಿಗೆಯಲ್ಲಿ ಬತ್ತದ ಒರತೆಗಳ ಬಳಿ ಒಟ್ಟುಗೂಡುತ್ತಿದ್ದರು ಎಂಬ ಪದ್ದಯ್ಯನವರ ಪ್ರಸಿದ್ಧ ವಾದ ಹುಟ್ಟಿದ್ದು ಯಾವುದೋ ಒಂದು ಕಲ್ಲಿನಿಂದಲ್ಲ. ಕಣಿವೆಯ ನಕ್ಷೆಯ ಮೇಲೆ ನೂರಾರು ನೆಲೆಗಳು ಎಲ್ಲೆಲ್ಲಿ ಬಿದ್ದಿವೆ, ನೀರಿನಿಂದ ಎಷ್ಟು ದೂರದಲ್ಲಿವೆ ಎಂಬ ಲೆಕ್ಕಾಚಾರದಿಂದ.

ಕಾಲನಿರ್ಣಯದ ಮಾತೂ ಅಷ್ಟೇ. ಕಲ್ಲಿಗೆ ವಯಸ್ಸು ಕಟ್ಟುವುದು ಸುಲಭವಲ್ಲ. ಕಲ್ಲು ಹುಟ್ಟಿದ್ದು ಕೋಟ್ಯಂತರ ವರ್ಷಗಳ ಹಿಂದೆ. ಬೇಕಾಗಿರುವುದು ಮನುಷ್ಯ ಅದನ್ನು ಒಡೆದ ಕಾಲ. ಅದನ್ನು ತಿಳಿಯಲು ಜೊತೆಯಲ್ಲಿ ಹೂತ ಹಲ್ಲು, ಮೇಲೆ ಕೂತ ಹೂಳು, ಪದರದ ಮರಳಿನ ಕಣ ಇವುಗಳ ನೆರವು ಬೇಕು. ಕಲ್ಲನ್ನು ಎತ್ತಿ, ಮಣ್ಣನ್ನು ಕದಡಿದ ಕ್ಷಣದಲ್ಲೇ ಆ ಗಡಿಯಾರ ನಿಂತುಹೋಗುತ್ತದೆ.

12.7 ಲಕ್ಷ ವರ್ಷದ ಪ್ರಶ್ನೆ

ಇಸಾಂಪುರದ ಉತ್ಖನನದಲ್ಲಿ ಆಯುಧಗಳ ಜೊತೆ ದೊರೆತ ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನದಿಂದ ಪರೀಕ್ಷಿಸಲಾಯಿತು. ಹೂತ ಹಲ್ಲಿನ ದಂತಕವಚದಲ್ಲಿ ಸುತ್ತಲಿನ ವಿಕಿರಣದ ಪ್ರಭಾವ ವರ್ಷ ವರ್ಷವೂ ಶೇಖರಗೊಳ್ಳುತ್ತದೆ. ಆ ಶೇಖರಣೆಯನ್ನು ಅಳೆದು ಹಲ್ಲು ಹೂತ ಕಾಲವನ್ನು ಲೆಕ್ಕಹಾಕುತ್ತಾರೆ. ಬಂದ ಉತ್ತರ ಸುಮಾರು 12.7 ಲಕ್ಷ ವರ್ಷ. ಹೆಚ್ಚು ಕಡಿಮೆ 1.7 ಲಕ್ಷ ವರ್ಷ ಆಚೀಚೆ ಆಗಬಹುದು.

ಶತಮಾನದ ಆರಂಭದಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಎಲ್ಲ ವಿದ್ವಾಂಸರೂ ಒಮ್ಮೆಗೇ ಒಪ್ಪಲಿಲ್ಲ. ಭಾರತದ ಅಶೂಲಿಯನ್ ನೆಲೆಗಳಲ್ಲಿ ಬಹುಪಾಲು ಐದಾರು ಲಕ್ಷ ವರ್ಷಗಳಿಗಿಂತ ಹಳೆಯವಲ್ಲ ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಅದಕ್ಕಿಂತ ಮಿಗಿಲಾಗಿ, ವಿಧಾನದಲ್ಲೇ ಒಂದು ತೊಡಕಿತ್ತು. ಹೂತ ಹಲ್ಲು ಮಣ್ಣಿನಿಂದ ಯುರೇನಿಯಂ ಹೀರಿಕೊಳ್ಳುತ್ತದೆ. ಅದನ್ನು ಆರಂಭದಲ್ಲೇ ಹೀರಿತೇ, ನಿಧಾನವಾಗಿ ಹೀರಿತೇ ಎಂಬ ಊಹೆಯನ್ನು ಅವಲಂಬಿಸಿ ಬರುವ ವಯಸ್ಸು ಬದಲಾಗುತ್ತದೆ. ಹೀಗಾಗಿ ಇಸಾಂಪುರದ ಕಾಲ ‘ಸಂಭವನೀಯ’ ಎಂಬ ಪಟ್ಟಿಯಲ್ಲಿ ಉಳಿಯಿತು.

ಅಷ್ಟರಲ್ಲಿ ನೆರೆಯ ತಮಿಳುನಾಡಿನಿಂದ ಬೇರೊಂದು ಉತ್ತರ ಬಂತು. ಚೆನ್ನೈಗೆ ಸುಮಾರು 60 ಕಿಲೋಮೀಟರ್ ದೂರದ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಕುಮಾರ್ ಅಖಿಲೇಶ್ ಅವರ ತಂಡ 1999ರಿಂದ ನಡೆಸಿದ ಉತ್ಖನನದ ಫಲಿತಾಂಶ 2011ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೂತ ಕಲ್ಲಿನೊಳಗಿನ ಅಲ್ಯೂಮಿನಿಯಂ ಮತ್ತು ಬೆರಿಲಿಯಂ ಐಸೊಟೋಪುಗಳು ಬೇರೆ ಬೇರೆ ವೇಗದಲ್ಲಿ ಕರಗುವುದನ್ನು ಅಳೆದು, ಪದರಗಳಲ್ಲಿ ದಾಖಲಾದ ಭೂಕಾಂತದ ದಿಕ್ಕನ್ನೂ ಪರಿಶೀಲಿಸಿ, ಅಲ್ಲಿನ ಅಶೂಲಿಯನ್ ಆಯುಧಗಳು ಕನಿಷ್ಠ 10.7 ಲಕ್ಷ ವರ್ಷ, ಸರಾಸರಿ 15 ಲಕ್ಷ ವರ್ಷ ಹಳೆಯವು ಎಂದು ತಂಡ ತೋರಿಸಿಕೊಟ್ಟಿತು. ದಕ್ಷಿಣ ಭಾರತದಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಿಂದೆ ಮಾನವ ವಾಸವಿತ್ತೆಂಬ ಮಾತು ಆನಂತರ ಅಸಾಧ್ಯವೆನಿಸಲಿಲ್ಲ. ಇಸಾಂಪುರದ 12.7 ಲಕ್ಷವೂ ಒಂಟಿ ಅಂಕಿಯಾಗಿ ಉಳಿಯಲಿಲ್ಲ. 2018ರಲ್ಲಿ ಅದೇ ಅತ್ತಿರಂಪಾಕ್ಕಂನ ಮೇಲಿನ ಪದರಗಳು ಮತ್ತೊಂದು ಅಚ್ಚರಿ ನೀಡಿದವು. ಮಧ್ಯ ಶಿಲಾಯುಗಕ್ಕೆ ಸೇರಿದ ಸೂಕ್ಷ್ಮ ತಂತ್ರದ ಆಯುಧಗಳು ಅಲ್ಲಿ ಸುಮಾರು 3.85 ಲಕ್ಷ ವರ್ಷಗಳ ಹಿಂದೆಯೇ ಕಾಣಿಸಿಕೊಂಡಿದ್ದವು.

ಈ ಕಥೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅತ್ತಿರಂಪಾಕ್ಕಂ 1999ರಲ್ಲಿ ಹೊಸದಾಗಿ ಪತ್ತೆಯಾದ ಜಾಗವಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲೇ ಅದನ್ನು ಗುರುತಿಸಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಮದರಾಸಿನ ಪಲ್ಲಾವರಂನಲ್ಲಿ ಹೆಕ್ಕಿದ ಕೈಕೊಡಲಿಯೇ ಭಾರತದ ಶಿಲಾಯುಗ ಸಂಶೋಧನೆಯ ಆರಂಭ. ಒಂದೇ ವರ್ಷ, ಒಬ್ಬನೇ ಶೋಧಕ, ಎರಡು ನೆಲೆಗಳು. ಪಲ್ಲಾವರಂ ಮಹಾನಗರದ ಹೊಟ್ಟೆ ಸೇರಿತು. ಇಂದು ಅದು ಪುಸ್ತಕದಲ್ಲಿ ಒಂದು ಹೆಸರು ಮಾತ್ರ. ಅತ್ತಿರಂಪಾಕ್ಕಂ ಉಳಿಯಿತು. ಉಳಿದದ್ದರಿಂದಲೇ 148 ವರ್ಷಗಳ ಬಳಿಕ, ಫೂಟ್ ಕನಸಿನಲ್ಲೂ ಕಾಣದ ಉಪಕರಣಗಳು ಅದರ ವಯಸ್ಸನ್ನು ಹೇಳಿದವು.

ಇಸಾಂಪುರಕ್ಕೂ ಇಂಥದೇ ಅವಕಾಶ ಈಗ ಒದಗಿದೆ. ಕಲಿಯೊದಲ್ಲಿ ಹಂದಿಜಾತಿಯ ಪ್ರಾಣಿಯೊಂದರ ಪಳೆಯುಳಿಕೆಯ ವಯಸ್ಸು ಕಟ್ಟಿದ್ದು ಎಲೆಕ್ಟ್ರಾನ್ ಸ್ಪಿನ್ ವಿಧಾನವನ್ನು ಯುರೇನಿಯಂ ಶ್ರೇಣಿಯ ಮಾಪನದೊಂದಿಗೆ ಜೋಡಿಸಿ. ಯುರೇನಿಯಂ ಯಾವಾಗ ಸೇರಿತೆಂಬುದನ್ನು ಬರೀ ಊಹಿಸದೆ ಅಳತೆಯಿಂದಲೇ ಅಂದಾಜಿಸುವ ಮಾರ್ಗವಿದು. ಹಿಂದಿನ ಪರೀಕ್ಷೆಯ ದೌರ್ಬಲ್ಯ ಯಾವುದೋ ಅದನ್ನೇ ಸರಿಪಡಿಸುವ ವಿಧಾನ ಈಗ ಕೈಗೆ ಬಂದಿದೆ ಎಂದಾಯಿತು. ಆದರೆ ಪರೀಕ್ಷೆಗೆ ಕದಡದ ಪದರ ಬೇಕು. ಪ್ರಶ್ನೆ ವಿಜ್ಞಾನದ್ದಲ್ಲ, ನೆಲದ್ದು.

ಕಾಲುವೆ ತಂದದ್ದು, ಕಾಲುವೆ ಒಯ್ದದ್ದು

ಇಸಾಂಪುರದ ನೆಲೆ ಬೆಳಕಿಗೆ ಬಂದ ಬಗೆಯಲ್ಲಿಯೇ ಒಂದು ವಿಪರ್ಯಾಸವಿದೆ. ಆದಿಮಾನವರ ಕಾರ್ಖಾನೆಯನ್ನು ಮುಚ್ಚಿದ್ದ ಹೂಳನ್ನು ತೆಗೆದದ್ದು ಪುರಾತತ್ವಜ್ಞರ ಕರಣೆಯಲ್ಲ, ನೀರಾವರಿ ಕಾಮಗಾರಿಗೆ ಮಣ್ಣು ಅಗೆದವರ ಸಲಿಕೆ. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಸಿದ್ಧವಾಯಿತು. ಅದರ ಎಡದಂಡೆ ಕಾಲುವೆ ಈ ಸೀಮೆಯ ಬದುಕನ್ನೇ ಬದಲಿಸಿತು. ಮಳೆಯನ್ನೇ ನಂಬಿ ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ನೆಲ ಸಮತಟ್ಟಾಗಬೇಕು. ಉಬ್ಬು ತಗ್ಗಬೇಕು, ತಗ್ಗು ತುಂಬಬೇಕು. ಕಣಿವೆಯ ಶಿಲಾಯುಗದ ನೆಲೆಗಳಲ್ಲಿ ಬಹಳಷ್ಟು ಇದ್ದದ್ದು ಅದೇ ಉಬ್ಬುಗಳ ಮೇಲೆ, ಮಣ್ಣಿನ ತೆಳು ಹೊದಿಕೆಯ ಕೆಳಗೆ. ಲಕ್ಷಾಂತರ ವರ್ಷಗಳ ಮಳೆ ಗಾಳಿಗೆ ಜಗ್ಗದಿದ್ದ ಪದರಗಳು ಯಂತ್ರದ ಬಾಯಿಗೆ ಸಿಕ್ಕು ಕೆಲವೇ ಗಂಟೆಗಳಲ್ಲಿ ಬೆರೆತುಹೋದವು.

ಇದಕ್ಕೆ ರೈತನನ್ನು ದೂರುವುದು ನ್ಯಾಯವಲ್ಲ. ಬರಗಾಲಕ್ಕೆ ಹೆಸರಾದ, ದುಡಿಮೆಗಾಗಿ ಗುಳೆ ಹೋಗುವುದೇ ವಾಡಿಕೆಯಾಗಿದ್ದ ಸೀಮೆಗೆ ನೀರು ಬಂದದ್ದು ಸಣ್ಣ ಸಂಗತಿಯೇನಲ್ಲ. ತನ್ನ ಹೊಲದ ಕಲ್ಲು ಹನ್ನೆರಡು ಲಕ್ಷ ವರ್ಷದ್ದೆಂದು ಆತನಿಗೆ ಯಾರೂ ತಿಳಿಸಿಲ್ಲ; ತಿಳಿಸಿದರೂ ಆ ಕಲ್ಲು ಆತನ ಮನೆಯ ಒಲೆ ಉರಿಸದು. ಹಳೆಯ ಕಲ್ಲಿಗಾಗಿ ಕಾಲುವೆ ಬೇಡ ಎನ್ನುವ ಹಕ್ಕು ನಗರದಲ್ಲಿ ಕುಳಿತ ಯಾರಿಗೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಲಕ್ಷಾಂತರ ಎಕರೆಗೆ ನೀರುಣಿಸುವ ಯೋಜನೆಯಲ್ಲಿ ಕೆಲವೇ ಎಕರೆ ನೆಲವನ್ನು ಗುರುತಿಸಿ, ಬೆಲೆ ಕೊಟ್ಟು, ಬದಿಗಿಡುವುದು ಸರ್ಕಾರಕ್ಕೆ ಭಾರವೇ?

ಇದು ಹುಣಸಗಿಯೊಂದರ ಸಮಸ್ಯೆಯೂ ಅಲ್ಲ. ಆಂಧ್ರಪ್ರದೇಶದ ಜ್ವಾಲಾಪುರಂನಲ್ಲಿ ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿಯಿಂದ ಹಾರಿಬಂದ ಬೂದಿಯ ಪದರವಿದೆ. ಆ ಬೂದಿಯ ಕೆಳಗೂ ಮೇಲೂ ದೊರೆತ ಶಿಲಾಯುಧಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ 2007ರಲ್ಲಿ ಪ್ರಕಟಿಸಿ, ಆ ಮಹಾಸ್ಫೋಟದ ನಂತರವೂ ಇಲ್ಲಿ ಮನುಷ್ಯರು ಬದುಕುಳಿದರೇ ಎಂಬ ಚರ್ಚೆಗೆ ಹೊಸ ತಿರುವು ನೀಡಿತು. ಜಗತ್ತಿನ ವಿದ್ವಾಂಸರು ಚರ್ಚಿಸುವ ಆ ಬೂದಿಯನ್ನು ಸ್ಥಳೀಯವಾಗಿ ತೋಡಿ ಶುಚಿಕಾರಕ ಪುಡಿಯ ತಯಾರಿಕೆಗೆ ಮಾರಿದ್ದೂ ಉಂಟು.

ಗುಡಿಯನ್ನು ಸಾಗಿಸಬಹುದು, ನೆಲವನ್ನಲ್ಲ

ಶ್ರೀಶೈಲಂ ಜಲಾಶಯ ತುಂಬುವ ಮುನ್ನ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ಸಾಗಿಸಿ ಮತ್ತೆ ಕಟ್ಟಲಾಯಿತು. ಚಾಲುಕ್ಯರ ಕಾಲದ ಆ ಗುಡಿ ಹಾಗೆ ಉಳಿಯಿತು. ಗುಡಿಯ ಕಲ್ಲಿಗೆ ಅಂಕಿ ಹಾಕಿ ಬೇರೆಡೆ ಜೋಡಿಸಬಹುದು. ಆದಿಮಾನವನ ನೆಲೆಯನ್ನು ಹಾಗೆ ಸಾಗಿಸಲಾಗದು. ಅಲ್ಲಿ ದಾಖಲೆ ಇರುವುದು ಕಲ್ಲಿನ ಮೈಮೇಲಲ್ಲ, ಕಲ್ಲು ಕಲ್ಲಿನ ನಡುವಿನ ಅಂತರದಲ್ಲಿ.

ನಮ್ಮ ಕಾನೂನು ಈ ನೆಲೆಗಳನ್ನು ಹೊರಗಿಟ್ಟಿಲ್ಲ. 1958ರ ಕೇಂದ್ರ ಕಾಯ್ದೆ ನೂರು ವರ್ಷಕ್ಕಿಂತ ಹಳೆಯದಾದ ಪುರಾತತ್ವ ಮಹತ್ವದ ಅವಶೇಷಗಳಿರುವ ಯಾವುದೇ ಜಾಗವನ್ನು ಸಂರಕ್ಷಿತವೆಂದು ಘೋಷಿಸಲು ಅವಕಾಶ ನೀಡುತ್ತದೆ. ಕರ್ನಾಟಕಕ್ಕೆ 1961ರ ತನ್ನದೇ ಕಾಯ್ದೆಯೂ ಇದೆ. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಕಾನೂನಿನ ಕಣ್ಣು ಸರಿಯಾಗಿಯೇ ಇದೆ; ಆದರೆ ಅದು ನೋಡುವುದು ಎದ್ದು ನಿಂತದ್ದನ್ನು. ದೇಶದ ಸುಮಾರು 3,700 ಕೇಂದ್ರ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ದೇವಾಲಯ, ಕೋಟೆ, ಗೋರಿ, ಮಸೀದಿಗಳದ್ದೇ ಮೇಲುಗೈ. ಹೊಲದ ನಡುವಿನ ಕಲ್ಲುಚೂರುಗಳ ಹರಹು ಕಂದಾಯ ಇಲಾಖೆಯ ಪಹಣಿಯಲ್ಲಿ ‘ಕಲ್ಲು ಭೂಮಿ’ಯಾಗಿಯಷ್ಟೇ ಕಾಣುತ್ತದೆ.

ಬೇರೆ ದೇಶಗಳು ಈ ಸಮಸ್ಯೆಗೆ ದಾರಿ ಹುಡುಕಿಕೊಂಡಿವೆ. ಫ್ರಾನ್ಸ್ 2001ರಲ್ಲಿ ಕಾನೂನು ತಂದು, ದೊಡ್ಡ ಕಾಮಗಾರಿಗೆ ಮುನ್ನ ಪುರಾತತ್ವ ತಪಾಸಣೆ ನಡೆಸುವ ವ್ಯವಸ್ಥೆ ಮಾಡಿಕೊಂಡಿತು. ಅದರ ವೆಚ್ಚಕ್ಕೆ ಕಾಮಗಾರಿ ನಡೆಸುವವರೇ ಹಣ ಕಟ್ಟಬೇಕು. ನಮಗೆ ಇದು ತೀರ ಹೊಸದೂ ಅಲ್ಲ. ನಾಗಾರ್ಜುನಸಾಗರ ಅಣೆಕಟ್ಟಿಗೆ ಮುನ್ನ, 1954ರಿಂದ 1960ರವರೆಗೆ, ನಾಗಾರ್ಜುನಕೊಂಡ ಕಣಿವೆಯನ್ನು ವ್ಯಾಪಕವಾಗಿ ಅಗೆದು ದಾಖಲಿಸಲಾಯಿತು. ಬೌದ್ಧ ವಿಹಾರಗಳ ಜೊತೆಗೆ ಶಿಲಾಯುಗದ ಕುರುಹುಗಳೂ ಅಲ್ಲಿ ದಾಖಲಾದವು. ಬಡತನದ ಆ ದಿನಗಳಲ್ಲಿ ಸಾಧ್ಯವಾದದ್ದು ಇಂದು ಅಸಾಧ್ಯವೆಂದರೆ ನಂಬುವುದು ಕಷ್ಟ.

ವಾರಸುದಾರರಿಲ್ಲದ ಪರಂಪರೆ

ಅಸಡ್ಡೆಯ ಮೂಲ ಇನ್ನೂ ಆಳದಲ್ಲಿದೆ. ಪ್ರಾಚೀನತೆ ಇಂದು ರಾಜಕೀಯದ ಸರಕು. ಕಬ್ಬಿಣದ ಬಳಕೆ ತಮ್ಮ ನೆಲದಲ್ಲಿ 5,300 ವರ್ಷಗಳಷ್ಟು ಹಳೆಯದು ಎಂಬ ವರದಿಯನ್ನು ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದಾಗ ಅದು ಮುಖ್ಯಮಂತ್ರಿಯ ಮಟ್ಟದ ಘೋಷಣೆಯಾಯಿತು. ಐದು ಸಾವಿರ ವರ್ಷಕ್ಕೆ ವಾರಸುದಾರರಿದ್ದಾರೆ. ಹನ್ನೆರಡು ಲಕ್ಷ ವರ್ಷಕ್ಕೆ ಯಾರಿದ್ದಾರೆ? ಇಸಾಂಪುರದ ಕುಶಲಕರ್ಮಿಗೆ ಜಾತಿಯಿಲ್ಲ, ಮತವಿಲ್ಲ, ನಾವು ಗುರುತಿಸಬಲ್ಲ ಭಾಷೆಯಿಲ್ಲ. ಅವನು ಕನ್ನಡಿಗನಲ್ಲ, ಭಾರತೀಯನಲ್ಲ, ನಮ್ಮ ಪ್ರಭೇದದವನೂ ಅಲ್ಲ. ಯಾರ ಹೆಮ್ಮೆಗೂ ಒದಗದ ಪರಂಪರೆಗೆ ಯಾವ ಮತಬ್ಯಾಂಕೂ ಇರುವುದಿಲ್ಲ.

ಆದರೆ ಆ ಕಲ್ಲುಗಳ ಮಹತ್ವ ಇರುವುದೂ ಅಲ್ಲಿಯೇ. ಭಾರತದಲ್ಲಿ ಆ ಕಾಲದ ಮಾನವ ಪಳೆಯುಳಿಕೆಗಳು ಇಲ್ಲವೆನ್ನುವಷ್ಟು ಅಪರೂಪ. 1982ರಲ್ಲಿ ಅರುಣ್ ಸೋನಕಿಯಾ ಅವರಿಗೆ ನರ್ಮದಾ ದಂಡೆಯ ಹಥ್ನೋರಾದಲ್ಲಿ ಸಿಕ್ಕ ತಲೆಬುರುಡೆಯ ಭಾಗವೇ ಇಂದಿಗೂ ಮುಖ್ಯ ಆಧಾರ. ಮೂಳೆ ಇಲ್ಲದ ಕಡೆ ಕಲ್ಲೇ ಮಾತನಾಡಬೇಕು. ಆಫ್ರಿಕಾದಿಂದ ಹೊರಟ ಮಾನವ ಕುಲ ಯಾವಾಗ ಈ ನೆಲ ತಲುಪಿತು, ಎಷ್ಟು ಬಾರಿ ಬಂತು, ಬರಗಾಲದಲ್ಲಿ ಹೇಗೆ ಬದುಕಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಣಸಗಿಯಂಥ ನೆಲದಲ್ಲಲ್ಲದೆ ಬೇರೆಡೆ ಸಿಗದು.

ಮಾಡಬೇಕಾದದ್ದು ಬೆಟ್ಟದಷ್ಟೇನೂ ಇಲ್ಲ. ಈಗಾಗಲೇ ಪ್ರಕಟವಾಗಿರುವ ನೆಲೆಗಳ ಪಟ್ಟಿಯನ್ನು ಹಿಡಿದು ಮತ್ತೊಮ್ಮೆ ಸಮೀಕ್ಷೆ ನಡೆಸಿ, ಉಳಿದದ್ದೆಷ್ಟು ಅಳಿದದ್ದೆಷ್ಟು ಎಂಬ ಲೆಕ್ಕ ತೆಗೆಯುವುದು ಮೊದಲ ಹೆಜ್ಜೆ. ಉಳಿದ ಮುಖ್ಯ ನೆಲೆಗಳ ಸರ್ವೇ ನಂಬರುಗಳನ್ನು ಕಂದಾಯ ದಾಖಲೆಗೆ ಸೇರಿಸಿ, ಗ್ರಾಮ ಪಂಚಾಯಿತಿಗೂ ನೀರಾವರಿ, ಗಣಿ ಇಲಾಖೆಗಳಿಗೂ ತಿಳಿಸುವುದು ಎರಡನೆಯದು. ಭೂಮಾಲೀಕರಿಗೆ ನ್ಯಾಯವಾದ ಪರಿಹಾರ ಕೊಟ್ಟು ಕೆಲವನ್ನಾದರೂ ಅಗೆಯದೆಯೇ ಕಾಯ್ದಿಡುವುದು ಮೂರನೆಯದು. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ತೋರಿಸಿಕೊಟ್ಟಿರುವಂತೆ, ಶಾಲಾ ಮಕ್ಕಳಿಗೆ ಶಿಲಾಯುಗವನ್ನು ಅವರ ಊರಿನ ಹತ್ತಿರದಲ್ಲೇ ಕಾಣಿಸುವುದು ಸಾಧ್ಯ. ಊರಿನ ಮಗುವಿಗೆ ಕಲ್ಲಿನ ಕಥೆ ಗೊತ್ತಾದರೆ ಕಾವಲುಗಾರನ ಅಗತ್ಯ ಅರ್ಧದಷ್ಟು ಕಡಿಮೆಯಾಗುತ್ತದೆ.

ಏಳು ಚಕ್ಕೆಗಳು ಒಂದು ದ್ವೀಪದ ಇತಿಹಾಸವನ್ನು ಬದಲಿಸಿದ್ದು ಅವು ಬಿದ್ದಲ್ಲೇ ಉಳಿದದ್ದರಿಂದ. ಸಾವಿರಾರು ಆಯುಧಗಳಿರುವ ಕಣಿವೆ ನಮ್ಮದು. ಮುಂದಿನ ತಲೆಮಾರಿನ ವಿಜ್ಞಾನಿ ಇನ್ನೂ ಸೂಕ್ಷ್ಮವಾದ ಉಪಕರಣ ಹಿಡಿದು ಹುಣಸಗಿಗೆ ಬಂದಾಗ ಆತನಿಗೆ ಪರೀಕ್ಷಿಸಲು ಒಂದು ಹಿಡಿ ಕದಡದ ಮಣ್ಣಾದರೂ ಅಲ್ಲಿ ಇರಬೇಕು. ಅದನ್ನು ಉಳಿಸುವ ಕೆಲಸ ಆತನದಲ್ಲ, ಇಂದಿನವರದು.